ನಮ್ಮ ಗೋರಿಕಲ್ಲುಗಳೂ ವಂಶಚರಿತ್ರೆಯೂ

ದೇವಾಲಯವೊಂದರ ಚರಿತ್ರೆಯನ್ನು ಬರೆಯಹೊರಟವರು ಸಾಮಾನ್ಯವಾಗಿ ಅಸ್ತಿಭಾರದ ಶಿಲೆಯಿಂದ ಪ್ರಾರಂಭಿಸಿ, ಸೇವೆ ಸಲ್ಲಿಸಿದ ಗುರುಗಳ ನಾಮಾವಳಿ, ಮೇತ್ರಾಣಿಗಳ ಭೇಟಿ, ಗಂಟೆಗೋಪುರದ ನಿರ್ಮಾಣ, ಶಾಲೆಯ ಸ್ಥಾಪನೆ ಎಂಬ ಕ್ರಮದಲ್ಲಿ ಮುಂದುವರಿಯುತ್ತಾರೆ. ಈ ಸಂಚಿಕೆಯಲ್ಲಿಯೂ ಅಂಥ ಲೇಖನಗಳಿಗೆ ಕೊರತೆಯಿಲ್ಲವಾದುದರಿಂದ ನಾವು ಬೇರೊಂದು ಸ್ಥಳದಿಂದ ಹೊರಡುತ್ತೇವೆ. ನಮ್ಮ ದೇವಾಲಯಕ್ಕೆ ಈಗ ನೂರು ವರ್ಷ ತುಂಬಿತು. ಅದರ ಹಿಂಭಾಗದ ಸಮಾಧಿಭೂಮಿಯ ವಯಸ್ಸು ಅದಕ್ಕಿಂತ ಹೆಚ್ಚು. ಗುರುಗಳು ಇಲ್ಲಿ ನೆಲೆಸುವುದಕ್ಕೆ ಮೊದಲು, ಮಾತೃಕೇಂದ್ರದಿಂದ ವರ್ಷಕ್ಕೆ ಕೆಲವು ಬಾರಿ ಮಾತ್ರ ಗಾಡಿಯಲ್ಲಿ ಬಂದು ಪೂಜೆಯನ್ನರ್ಪಿಸಿ ಹಿಂದಿರುಗುತ್ತಿದ್ದ ಕಾಲದಲ್ಲಿಯೇ, ನಮ್ಮ ಪೂರ್ವಿಕರು ಇಲ್ಲಿ ಬಾಳಿ ಇಲ್ಲಿಯೇ ಮಣ್ಣಾಗಿದ್ದರು. ದೇವಾಲಯವಿಲ್ಲದ ಊರಿನಲ್ಲಿಯೂ ಸಾವು ಇರುತ್ತದೆಯಷ್ಟೆ. ಆದುದರಿಂದ ನಮ್ಮ ಸಮುದಾಯದ ಮೊದಲ ಕಟ್ಟಡವೆಂದರೆ ದೇವಾಲಯವಲ್ಲ, ಗೋರಿ.

ಈ ಬರವಣಿಗೆಗೆ ತಕ್ಷಣದ ಕಾರಣವೊಂದುಂಟು. ಶತಮಾನೋತ್ಸವದ ಅಂಗವಾಗಿ ಸಮಾಧಿಭೂಮಿಯ ಸುತ್ತುಗೋಡೆಯನ್ನು ಹೊಸದಾಗಿ ಕಟ್ಟಿಸುವುದೆಂದೂ, ಹಳೆಯ ಉತ್ತರಭಾಗವನ್ನು ಸಮತಟ್ಟುಗೊಳಿಸಿ ಅಲ್ಲಿ ಕಾಂಕ್ರೀಟಿನ ಸಾಲುಗೋರಿಗಳನ್ನು ನಿರ್ಮಿಸುವುದೆಂದೂ ಆಲೋಚನೆ ನಡೆದಿದೆ. ಬದುಕಿರುವವರಿಗೆ ಮನೆ ಬೇಕಾದಂತೆ ಮೃತರಿಗೂ ಸ್ಥಳ ಬೇಕು. ಇದನ್ನು ನಾವು ವಿರೋಧಿಸುವವರಲ್ಲ. ಆದರೆ ಹಾರೆ ಗುದ್ದಲಿಗಳು ಬರುವ ಮೊದಲು ಅಲ್ಲಿನ ಪ್ರತಿಯೊಂದು ಕಲ್ಲಿನ ಛಾಯಾಚಿತ್ರವನ್ನು ತೆಗೆದು, ಅಕ್ಷರಗಳನ್ನು ಓದಿ, ಗುರುಮನೆಯಲ್ಲಿರುವ ಮರಣದ ರಿಜಿಸ್ಟರಿನೊಡನೆ ಹೋಲಿಸಿ ಪಟ್ಟಿ ಮಾಡಿಡಬೇಕೆಂಬುದು ನಮ್ಮ ಬಿನ್ನಹ. ಆ ಕೆಲಸವನ್ನು ಕಳೆದ ಬೇಸಗೆಯಲ್ಲಿ ಕೈಗೊಂಡೆವು. ಸುಮಾರು ಅರ್ಧದಷ್ಟು ಮುಗಿದಿದೆ. ಅದರಿಂದ ಕಂಡುಬಂದ ಸಂಗತಿಗಳನ್ನು ವಾಚಕರ ಮುಂದಿಡುವುದೇ ಪ್ರಸ್ತುತ ಲೇಖನದ ಉದ್ದೇಶ.

ಮೃತರಿಗಾಗಿ ಕಲ್ಲು ನಿಲ್ಲಿಸುವುದು ಈ ನಾಡಿಗೆ ಹೊಸದಲ್ಲ. ನಮ್ಮ ಹಳ್ಳಿಗಳ ಹೊಲದ ಬದುಗಳಲ್ಲಿ ವೀರಗಲ್ಲುಗಳೂ ಮಾಸ್ತಿಕಲ್ಲುಗಳೂ ಇಂದಿಗೂ ನಿಂತಿವೆ. ಬೆಂಗಳೂರೆಂಬ ಹೆಸರು ಮೊಟ್ಟಮೊದಲು ಕಾಣಿಸಿಕೊಳ್ಳುವುದು ಬೇಗೂರಿನ ವೀರಗಲ್ಲಿನ ಮೇಲೆ, ಸುಮಾರು ಕ್ರಿ.ಶ. ೮೯೦ರ ಹೊತ್ತಿಗೆ, ಅದೂ ಒಬ್ಬ ಸತ್ತವನ ನೆನಪಿಗೆಂದು ಕೆತ್ತಿದ ಬರಹವೇ. ಬಿ. ಎಲ್. ರೈಸ್ ಅವರು ಮೈಸೂರು ಸಂಸ್ಥಾನದ ಹಳ್ಳಿಹಳ್ಳಿಗಳ ಶಾಸನಗಳನ್ನು ಸಂಗ್ರಹಿಸಿ ೧೮೮೬ರಿಂದ ಮೊದಲುಗೊಂಡು 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳನ್ನು ಹೊರತಂದ ಬಳಿಕ ಈ ಕಲ್ಲುಗಳ ಬೆಲೆ ಎಲ್ಲರಿಗೂ ಅರಿವಾಯಿತು. ಇನ್ನು ವಂಶಾವಳಿಯ ವಿಷಯ. ನಮ್ಮ ನೆರೆಹೊರೆಯ ಒಕ್ಕಲು ಮನೆತನಗಳಿಗೆ ಸುಗ್ಗಿಯ ಕಾಲದಲ್ಲಿ ಎತ್ತನ್ನೇರಿ ಬರುವ ಹೆಳವನುಂಟು. ಆ ಮನೆಯ ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರುಗಳನ್ನು ಒಪ್ಪಿಸಿ, ಹೊಸದಾಗಿ ಹುಟ್ಟಿದವರನ್ನು ಸೇರಿಸಿಕೊಂಡು, ಕಾಳು ಪಡೆದು ಹೋಗುವುದು ಅವನ ವೃತ್ತಿ. ಕಥೋಲಿಕ ಮನೆಗಳಿಗೆ ಆ ಕೆಲಸವನ್ನು ಮಾಡಿದ್ದು ಗುರುಮನೆಯ ರಿಜಿಸ್ಟರು.

ಈ ರಿಜಿಸ್ಟರುಗಳ ಹಿಂದೆ ದೀರ್ಘವಾದ ಚರಿತ್ರೆಯಿದೆ. ವಿವಾಹಗಳನ್ನು ವಿಚಾರಣಾ ಗುರುಗಳು ಪುಸ್ತಕದಲ್ಲಿ ಬರೆದಿಡಬೇಕೆಂದು ತ್ರೆಂತ್ ಮಹಾಸಭೆ ೧೫೬೩ರಲ್ಲಿ ಕಟ್ಟಳೆ ಮಾಡಿತು. ೧೬೧೪ರ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಧರ್ಮಕೇಂದ್ರದ ಕುಟುಂಬಗಳ ಸ್ಥಿತಿಗತಿ, ಮರಣ ಎಂಬ ಐದು ಪುಸ್ತಕಗಳನ್ನು ವಿಧಿಸಿತು. ೧೯೮೩ರ ಧರ್ಮಸಭಾ ಕಾನೂನು ಸಂಹಿತೆಯ ೫೩೫ನೆಯ ವಿಧಿಯೂ ಇದನ್ನೇ ಮುಂದುವರಿಸಿದೆ. ಹಳೆಯ ಪುಸ್ತಕಗಳನ್ನು ಎಚ್ಚರದಿಂದ ಕಾಪಾಡಬೇಕೆಂದು ಅದೇ ವಿಧಿ ಹೇಳುತ್ತದೆ. ಭೂಸ್ಥಾಪನೆಯಾದೊಡನೆ ಮರಣದ ಪುಸ್ತಕದಲ್ಲಿ ದಾಖಲೆಯಾಗಬೇಕೆಂಬುದು ೧೧೮೨ನೆಯ ವಿಧಿ. ಗೆದ್ದಲು, ಮಳೆಯ ಸೋರಿಕೆ, ಮತ್ತು ಪುಟ ಹರಿದುಕೊಂಡು ಹೋಗುವ ಸಂಬಂಧಿಕರು – ಈ ಮೂವರ ಕೈಯಿಂದ ಪಾರಾದ ಪುಸ್ತಕಗಳು ಮಾತ್ರ ಇಂದು ಉಳಿದಿವೆಯೆಂಬುದನ್ನೂ ಹೇಳಬೇಕು.

ಮೈಸೂರು ಸೀಮೆಯಲ್ಲಿ ಕಥೋಲಿಕ ಧರ್ಮದ ಬೇರು ಇದಕ್ಕಿಂತ ಆಳವಾದದ್ದು. ೧೭ನೆಯ ಶತಮಾನದ ಮಧ್ಯಭಾಗದಲ್ಲಿ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಾಮಿಯವರು ಶ್ರೀರಂಗಪಟ್ಟಣಕ್ಕೆ ಬಂದು ಮೈಸೂರು ಮಿಷನ್ನಿಗೆ ಆರಂಭ ಮಾಡಿದರು. ಆ ಕಾಲದ ಗುರುಗಳು ಬರೆದ ವಾರ್ಷಿಕ ಪತ್ರಗಳು ರೋಮಿನಲ್ಲಿ ಸುರಕ್ಷಿತವಾಗಿವೆ. ಆದರೆ ಅವು ಊರು, ಪೂಜೆ, ಕಷ್ಟಸಂಕಟಗಳ ವರ್ಣನೆಗಳೇ ಹೊರತು ಮನೆಮನೆಯ ದಾಖಲೆಗಳಲ್ಲ. ೧೭೭೩ರಲ್ಲಿ ಜೆಸ್ವಿತ್ ಸಭೆ ರದ್ದಾಯಿತು; ಅನಂತರ ಹೈದರ್ ಮತ್ತು ಟಿಪ್ಪು ಸುಲ್ತಾನರ ಕಾಲದ ಯುದ್ಧಗಳು; ೧೭೯೯ರಲ್ಲಿ ಶ್ರೀರಂಗಪಟ್ಟಣದ ಪತನ. ಆ ಬಳಿಕ ಪ್ಯಾರಿಸ್ಸಿನ ಮಿಷನ್ ಸಭೆಯ ಗುರು ಅಬ್ಬೆ ದ್ಯುಬುವಾ ಅವರು ಚದರಿದ ಕ್ರೈಸ್ತರನ್ನು ಒಟ್ಟುಗೂಡಿಸುತ್ತ ೧೮೨೩ರವರೆಗೂ ಈ ನಾಡಿನಲ್ಲಿ ಸಂಚರಿಸಿದರು. ೧೮೫೦ರಲ್ಲಿ ಮೈಸೂರು ಪ್ರೇಷಿತ ವಿಕಾರಿಯೇಟ್ ಆಯಿತು, ೧೮೮೬ರಲ್ಲಿ ಧರ್ಮಕ್ಷೇತ್ರವಾಯಿತು, ೧೯೪೦ರಲ್ಲಿ ಬೆಂಗಳೂರು ಅದರಿಂದ ಬೇರೆಯಾಯಿತು. ಇದನ್ನೆಲ್ಲ ಹೇಳುವುದಕ್ಕೆ ಕಾರಣವಿದೆ: ತಮ್ಮ ಮುತ್ತಜ್ಜನ ಹೆಸರನ್ನು ಹುಡುಕುವವರು ತಾವಿರುವ ಧರ್ಮಕೇಂದ್ರದ ಪುಸ್ತಕಗಳನ್ನು ನೋಡಿ ನಿರಾಶರಾಗಬಾರದು. ಕೇಂದ್ರವು ಸ್ಥಾಪನೆಯಾಗುವ ಮೊದಲಿನ ಬರಹವೆಲ್ಲ ಮಾತೃಕೇಂದ್ರದಲ್ಲಿರುತ್ತದೆ. ಆ ಮಾತೃಕೇಂದ್ರಕ್ಕೂ ಒಂದು ಮಾತೃಕೇಂದ್ರವಿರುತ್ತದೆ.

ಹೀಗೆ ಹಿಂದೆ ಹಿಂದೆ ಹೋಗುವಾಗ ನಮ್ಮ ಸೀಮೆಯ ಅನೇಕ ಕುಟುಂಬಗಳ ದಾರಿ ಒಂದು ಕಡೆ ತಟಕ್ಕನೆ ನಿಂತುಬಿಡುತ್ತದೆ. ೧೮೭೬ರಿಂದ ೧೮೭೮ರವರೆಗಿನ ಮಹಾಕ್ಷಾಮವೇ ಆ ಸ್ಥಳ. ೧೮೭೧ರ ಗಣತಿಯಲ್ಲಿ ೫೦ ಲಕ್ಷಕ್ಕಿಂತ ಸ್ವಲ್ಪ ಹೆಚ್ಚಾಗಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೮೧ರ ಗಣತಿಯಲ್ಲಿ ಸುಮಾರು ೪೨ ಲಕ್ಷಕ್ಕಿಳಿದಿತ್ತೆಂದರೆ ಆ ಬರದ ಕ್ರೌರ್ಯವನ್ನು ಊಹಿಸಬಹುದು. ತಂದೆತಾಯಿಗಳನ್ನು ಕಳೆದುಕೊಂಡು ದಾರಿಬದಿಯಲ್ಲಿ ಬಿದ್ದಿದ್ದ ಮಕ್ಕಳನ್ನು ಮಿಷನ್ನಿನ ಗುರುಗಳೂ ಕನ್ಯಾಸ್ತ್ರೀಯರೂ ಎತ್ತಿತಂದು ಸಾಕಿದರು. ಅವರು ದೊಡ್ಡವರಾದ ಮೇಲೆ ಪರಸ್ಪರ ಮದುವೆ ಮಾಡಿಸಿ, ಮಿಷನ್ನಿನ ಜಮೀನಿನಲ್ಲಿ ನೆಲೆಗೊಳಿಸಿದರು. ಇಂಥ ಮಗುವಿನ ಜ್ಞಾನಸ್ನಾನದ ದಾಖಲೆಯಲ್ಲಿ ತಂದೆತಾಯಿಯ ಹೆಸರಿರಬೇಕಾದ ಸ್ಥಳದಲ್ಲಿ ಲತೀನಿನ ಎರಡು ಪದಗಳಿರುತ್ತವೆ: 'ಪಾರೆಂತಿಬುಸ್ ಇನ್ಯೋತಿಸ್' – ಹೆತ್ತವರು ಅಜ್ಞಾತರು. ವಯಸ್ಸೂ ಅಂದಾಜು, ಊರೂ ಇಲ್ಲ, ಕುಲವೂ ಇಲ್ಲ. ಹೆಳವನ ಮಾತಿಗೆ ಇಲ್ಲಿ ಎಡೆಯಿಲ್ಲ, ಮಾತೃಕೇಂದ್ರದ ಪುಸ್ತಕವೂ ಇದಕ್ಕಿಂತ ಹಿಂದಕ್ಕೆ ಕೊಂಡೊಯ್ಯಲಾರದು. ಹಾಗೆ ಬಂದ ಅನಾಥ ಹುಡುಗನೊಬ್ಬ ಬಾಳಿ, ಮಕ್ಕಳನ್ನು ಪಡೆದು, ಸತ್ತು, ಆ ಮಕ್ಕಳು ಅವನ ತಲೆಯ ಕಡೆ ಒಂದು ಚಪ್ಪಡಿಯನ್ನು ನಿಲ್ಲಿಸಿದ್ದರೆ, ಅಲ್ಲಿಂದಲೇ ಆ ವಂಶದ ಚರಿತ್ರೆ ಆರಂಭ. ಅವನ ಮೊಮ್ಮಗನ ಮೊಮ್ಮಕ್ಕಳಿಗೆ ಆ ಕಲ್ಲು ಕೇವಲ ಕಲ್ಲಲ್ಲ. ಉತ್ತರಭಾಗದ ಹಳೆಯ ಸಾಲುಗಳ ಬಗೆಗೆ ನಮಗಿರುವ ಕಳವಳ ಇದರಿಂದ ಹುಟ್ಟಿದ್ದು.

ಎಲ್ಲರಿಗೂ ಕಲ್ಲು ದೊರೆಯಲಿಲ್ಲವೆಂಬುದೂ ಅಷ್ಟೇ ನಿಜ. ಕಲ್ಲುಕುಟಿಗನಿಗೆ ಕೂಲಿ ಕೊಟ್ಟು ಕಗ್ಗಲ್ಲಿನಲ್ಲಿ ಹೆಸರು ಕೊರೆಸುವುದು ಊರಿನ ಪಟೇಲ, ಶ್ಯಾನುಭೋಗ, ಉಪದೇಶಿ, ಅಲ್ಪಸ್ವಲ್ಪ ಭೂಮಿಯುಳ್ಳವರು ಇಂಥವರಿಗೆ ಮಾತ್ರ ಸಾಧ್ಯವಾಗಿತ್ತು. ಉಳಿದವರ ಪಾಲಿಗೆ ಮಣ್ಣಿನ ದಿಬ್ಬ, ಅದರ ಮೇಲೊಂದು ಮರದ ಶಿಲುಬೆ. ಮರವು ನಾಲ್ಕಾರು ಮಳೆಗಾಲಗಳಿಗಿಂತ ಹೆಚ್ಚು ಬಾಳದು. ದಿಬ್ಬ ಇಳಿದು ನೆಲವಾದ ಮೇಲೆ, ವರ್ಷಗಳು ಕಳೆದು, ಅದೇ ಗುಂಡಿಯನ್ನು ಮತ್ತೊಬ್ಬರಿಗಾಗಿ ತೋಡುವುದು ರೂಢಿ. ಹಿಂದಿನವರ ಎಲುಬುಗಳು ಸಿಕ್ಕರೆ ಭಕ್ತಿಯಿಂದ ಆರಿಸಿ ಗುಂಡಿಯ ತಳದಲ್ಲಿಯೇ ಮುಚ್ಚುತ್ತಿದ್ದರು. ತಂದೆಯ ಗುಂಡಿಯಲ್ಲಿ ಮಗನನ್ನು ಇಡುವುದನ್ನು ನಮ್ಮ ಹಿರಿಯರು ಅಗೌರವವೆಂದು ಎಣಿಸಲಿಲ್ಲ, ಋಣವೆಂದೇ ಎಣಿಸಿದರು. ಆದುದರಿಂದ ಕಲ್ಲುಗಳ ಛಾಯಾಚಿತ್ರವನ್ನಷ್ಟೇ ನಂಬಿ ವಂಶವೃಕ್ಷವನ್ನು ಬರೆದರೆ ಅದು ಉಳ್ಳವರ ವಂಶವೃಕ್ಷವಾದೀತು. ೧೮೯೮ರ ಆಗಸ್ಟಿನಲ್ಲಿ ಬೆಂಗಳೂರಿಗೆ ಕಾಲಿಟ್ಟು ಸುತ್ತಲ ಸೀಮೆಗೆ ಹರಡಿದ ಪ್ಲೇಗು, ೧೯೧೮ರ ಇನ್‌ಫ್ಲುಯೆಂಜಾ – ಇಂಥ ವರ್ಷಗಳಲ್ಲಿ ಮರಣದ ಪುಸ್ತಕದ ಸಾಲುಗಳು ಒತ್ತೊತ್ತಾಗಿ ಬೆಳೆಯುತ್ತವೆ, ಗುರುಗಳ ಕೈಬರಹ ಆತುರದ್ದಾಗುತ್ತದೆ. ಸಮಾಧಿಭೂಮಿಯಲ್ಲಿ ಮಾತ್ರ ಆ ವರ್ಷದ ಕಲ್ಲುಗಳು ವಿರಳ. ಹೂಳುವವರೇ ಇಲ್ಲದಾಗ ಕಲ್ಲು ನಿಲ್ಲಿಸುವವರು ಯಾರು?

ಪರಂಗಿಯವರ ಗೋರಿಗಳಿಗೆ ಈ ಭಯವಿರಲಿಲ್ಲ. ಮದರಾಸು ಪ್ರಾಂತದ ಗೋರಿಬರಹಗಳ ದೊಡ್ಡ ಪಟ್ಟಿಯೊಂದನ್ನು ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ೧೯೦೫ರಲ್ಲಿಯೇ ಪ್ರಕಟಿಸಿದರು. ದಕ್ಷಿಣ ಏಷ್ಯದ ಬ್ರಿಟಿಷ್ ಸಮಾಧಿಗಳ ರಕ್ಷಣೆಗೆಂದೇ ೧೯೭೬ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಸಂಘ ಹುಟ್ಟಿತು. ಶ್ರೀರಂಗಪಟ್ಟಣದಲ್ಲಿ ಕಾವೇರಿಯ ದಡದಲ್ಲಿರುವ ಸೈನಿಕರ ಸಮಾಧಿಭೂಮಿಯನ್ನು ನೋಡಿದವರು ನಮ್ಮಲ್ಲಿ ಅನೇಕರಿದ್ದಾರೆ. ೧೭೯೯ರ ಮುತ್ತಿಗೆಯಲ್ಲಿ ಇಂಗ್ಲಿಷರ ಪರವಾಗಿ ಕಾದಾಡಿದ ದ ಮ್ಯೂರೋನ್ ಎಂಬ ಸ್ವಿಸ್ ದಳದವರೂ ಅಲ್ಲಿ ಮಲಗಿದ್ದಾರೆ. ಆ ಮನೆತನದವರು ಎರಡು ಶತಮಾನಗಳ ಮೇಲೆ ಹುಡುಕಿಕೊಂಡು ಬಂದು ಗೋರಿಗಳ ಜೀರ್ಣೋದ್ಧಾರಕ್ಕೆ ನೆರವಾದರು. ಇದನ್ನು ಕಂಡು ನಮಗೆ ಅಸೂಯೆಯಿಲ್ಲ. ಅವರ ಶ್ರದ್ಧೆ ಮೆಚ್ಚತಕ್ಕದ್ದೇ. ಆದರೆ ಸಮುದ್ರದಾಚೆಯಿಂದ ಬಂದು ತಮ್ಮವರ ಗೋರಿಯನ್ನು ಹುಡುಕುವವರಿರುವಾಗ, ಬೇಲಿಯಾಚೆಯ ಗೋರಿಯನ್ನು ನೋಡಲು ನಮಗೆ ಪುರುಸೊತ್ತಿಲ್ಲವೆಂದರೆ ಹೇಗೆ? ನಮ್ಮ ಹಳ್ಳಿಗಳಿಗೆ ಯಾವ ಕಾಟನ್ ದೊರೆಯೂ ಬರಲಿಲ್ಲ, ಬರುವುದೂ ಇಲ್ಲ.

ಕಲ್ಲಿನ ಬರಹವನ್ನು ಪುಸ್ತಕದ ಬರಹದೊಡನೆ ಹೊಂದಿಸಲು ಕುಳಿತಾಗ ಮೊದಲು ಎದುರಾಗುವ ತೊಡಕು ಹೆಸರುಗಳದ್ದು. ಫ್ರೆಂಚ್ ಗುರುಗಳು ಪುಸ್ತಕದಲ್ಲಿ ಲತೀನಿನಲ್ಲಿ ಬರೆದರು. ಜನರು ತಮ್ಮವರನ್ನು ಕರೆದದ್ದು ತಮ್ಮ ಬಾಯಿಗೆ ಒಗ್ಗಿದಂತೆ. ಪುಸ್ತಕದ ಇಗ್ನಾತಿಯುಸ್ ಕಲ್ಲಿನ ಮೇಲೆ ಇನ್ನಾಸಪ್ಪ, ಕ್ಸವೇರಿಯುಸ್ ಎಂದರೆ ಚೌರಪ್ಪ, ಅಂತೋನಿಯುಸ್ ಅಂತೋಣಪ್ಪ. ಇಷ್ಟನ್ನು ಯಾರಾದರೂ ಊಹಿಸಬಹುದು. ಆದರೆ ಪೇತ್ರುಸ್ ಎಂಬಾತನೇ ರಾಯಪ್ಪ, ಪೌಲುಸ್ ಎಂಬಾತನೇ ಚಿನ್ನಪ್ಪ, ಯೊವಾನ್ನೆಸ್ ಎಂಬಾತನೇ ಅರುಳಪ್ಪ, ಯೋಸೆಫುಸ್ ಎಂಬಾತನೇ ಸೂಸೆಯಪ್ಪ, ಲಾಜರುಸ್ ಎಂಬಾತನೇ ದೇವಸಹಾಯ ಎಂಬುದು ಈಗಿನ ತರುಣರಿಗೆ ತಿಳಿಯದು. ಇವು ಹಳೆಯ ತಮಿಳು ಕ್ರೈಸ್ತ ಬಳಕೆಯಿಂದ ನಮ್ಮಲ್ಲಿಗೆ ಇಳಿದುಬಂದ ಅರ್ಥಗರ್ಭಿತ ಹೆಸರುಗಳು. ಪೌಲನೆಂದರೆ ಚಿಕ್ಕವನು, ಆದುದರಿಂದ ಚಿನ್ನಪ್ಪ. ಯೊವಾನ್ನನೆಂದರೆ ದೇವರ ಕೃಪೆ, ಅದೇ ಅರುಳ್. ಲಾಜರನೆಂದರೆ ದೇವರಿಂದ ಸಹಾಯ ಹೊಂದಿದವನು. ೧೭೪೫ರಲ್ಲಿ ಜ್ಞಾನಸ್ನಾನ ಪಡೆದು ಅನಂತರ ರಕ್ತಸಾಕ್ಷಿಯಾಗಿ, ೨೦೨೨ರಲ್ಲಿ ಸಂತ ಪದವಿಗೇರಿದ ದೇವಸಹಾಯಂ ಅವರ ಹೆಸರೂ ಲಾಜರುಸ್ ಎಂಬುದರ ರೂಪವೇ. ಇದನ್ನರಿಯದವರು ಪುಸ್ತಕದ ಪೇತ್ರುಸನನ್ನೂ ಕಲ್ಲಿನ ರಾಯಪ್ಪನನ್ನೂ ಇಬ್ಬರೆಂದೆಣಿಸಿ, ವಂಶಾವಳಿಯಲ್ಲಿ ಹುಟ್ಟದೇ ಇದ್ದ ಅಣ್ಣನೊಬ್ಬನನ್ನು ಸೃಷ್ಟಿಸಿಯಾರು. ಆರೋಗ್ಯಮ್ಮ, ಜಪಮಾಲೆ, ಲೂರ್ದಮ್ಮ ಮೊದಲಾದ ಹೆಂಗಸರು ಪುಸ್ತಕದಲ್ಲಿ ಬರಿಯ ಮರಿಯಾ ಆಗಿಬಿಡುವುದುಂಟು. ಅಲ್ಲಿ ಗಂಡನ ಹೆಸರೇ ದಾರಿದೀಪ.

ಕರಾವಳಿಯ ಕೊಂಕಣಿ ಬಾಂಧವರಿಗೆ ಡಿಸೋಜ, ಪಿಂಟೊ, ಲೋಬೊ ಎಂಬ ಪೋರ್ಚುಗೀಸ್ ಅಡ್ಡಹೆಸರುಗಳಿವೆ. ಒಂದು ಕಲ್ಲನ್ನು ಕಂಡೊಡನೆ ಯಾವ ಮನೆತನವೆಂದು ಹೇಳಬಹುದು. ನಮ್ಮಲ್ಲಿ ಅದಿಲ್ಲ. ಊರಿನ ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಗುರುತು. ಅದರ ಮೇಲೆ, ಹಿರಿಯ ಮಗನಿಗೆ ಅಜ್ಜನ ಹೆಸರಿಡುವ ಪದ್ಧತಿ ಬೇರೆ. ಇನ್ನಾಸಪ್ಪನ ಮಗ ಚೌರಪ್ಪ, ಅವನ ಮಗ ಮತ್ತೆ ಇನ್ನಾಸಪ್ಪ. ಹೀಗೆ ಒಂದೇ ಸಾಲಿನಲ್ಲಿ ಅಜ್ಜ ಮೊಮ್ಮಗ ಇಬ್ಬರೂ ಒಂದೇ ಹೆಸರಿನಿಂದ ಮಲಗಿರುತ್ತಾರೆ. ಕಲ್ಲಿನ ಮೇಲೆ ಇಸವಿಯಿಲ್ಲದಿದ್ದರೆ ಕಲ್ಲಿನ ಜಾತಿಯನ್ನೇ ನೋಡಬೇಕು. ಒರಟು ಚಪ್ಪಡಿಯಾದರೆ ಹಳೆಯದು. ಸಿಮೆಂಟಿನ ಕಟ್ಟೆ, ಅದರಲ್ಲಿ ಕೂರಿಸಿದ ಅಮೃತಶಿಲೆಯ ಫಲಕವಾದರೆ ಈಚಿನದು. ತೇದಿಗಳ ವಿಷಯದಲ್ಲಿಯೂ ಎಚ್ಚರ ಬೇಕು. ಕಲ್ಲು ಸಾಮಾನ್ಯವಾಗಿ ಸತ್ತ ದಿನವನ್ನು ಹೇಳುತ್ತದೆ, ಪುಸ್ತಕವು ಹೂಳಿದ ದಿನವನ್ನೂ ಹೇಳುತ್ತದೆ. ಒಂದು ದಿನದ ಅಂತರವನ್ನು ಕಂಡು ಯಾವುದೂ ಸುಳ್ಳೆಂದು ತೀರ್ಮಾನಿಸಬಾರದು. ವಯಸ್ಸಿನ ಮುಂದೆ 'ಚಿರ್ಚಿತೆರ್', ಅಂದರೆ 'ಸುಮಾರು', ಎಂದಿದ್ದರೆ ಅದು ಹತ್ತು ವರ್ಷ ಆಚೀಚೆಯಾಗಿರಬಹುದು. ೬೦ ಎಂದು ಬರೆದಿರುವ ಅನೇಕರು ತಮ್ಮ ಹುಟ್ಟಿದ ವರ್ಷವನ್ನೇ ಅರಿಯದವರು.

ಇನ್ನೊಂದು ತೊಡಕು ನಮ್ಮ ಭಕ್ತಿಯಿಂದಲೇ ಹುಟ್ಟಿದ್ದು. ನವೆಂಬರ್ ೨ರ ಸಕಲ ಮೃತರ ಸ್ಮರಣೆಗೆ ಮುನ್ನ ಗೋರಿಗಳಿಗೆ ಸುಣ್ಣ ಬಳಿದು, ಅಕ್ಷರಗಳಿಗೆ ಕರಿಯ ಬಣ್ಣ ತುಂಬುವುದು ಸಂಪ್ರದಾಯ. ಬಣ್ಣ ತುಂಬುವ ಹುಡುಗನಿಗೆ ಸವೆದ ಅಕ್ಷರ ಕಾಣದಿದ್ದರೆ ತನಗೆ ತೋಚಿದಂತೆ ತುಂಬುತ್ತಾನೆ. ಕನ್ನಡದ ೬ ಮತ್ತು ೯ ಅಂಕಿಗಳು ಹೀಗೆ ಎಷ್ಟೋ ಕಡೆ ಅದಲುಬದಲಾಗಿವೆ. ಅಂದರೆ ಒಬ್ಬನ ಆಯುಷ್ಯ ಬಣ್ಣದ ಕುಂಚದಿಂದ ಮೂವತ್ತು ವರ್ಷ ಹೆಚ್ಚುವುದೋ ಕಡಿಮೆಯಾಗುವುದೋ ಸಾಧ್ಯ. ಬಣ್ಣವನ್ನು ನಂಬದೆ ಬೆರಳಿನಿಂದ ತಡವಿ ಕೊರೆದ ಗೆರೆಯನ್ನು ಓದುವುದೇ ಲೇಸು.

ಛಾಯಾಚಿತ್ರ ತೆಗೆಯುವ ಕ್ರಮವನ್ನು ಕುರಿತು ಕೆಲವು ಮಾತು. ಈಗ ಪ್ರತಿ ಮನೆಯಲ್ಲಿಯೂ ಮೊಬೈಲ್ ಫೋನು ಇರುವುದರಿಂದ ಉಪಕರಣಕ್ಕೆ ಕೊರತೆಯಿಲ್ಲ, ಕೊರತೆಯಿರುವುದು ತಾಳ್ಮೆಗೆ. ನಡುಹಗಲಿನ ಬಿಸಿಲಿನಲ್ಲಿ ತೆಗೆದ ಚಿತ್ರದಲ್ಲಿ ಸವೆದ ಅಕ್ಷರಗಳು ಕಾಣಿಸುವುದೇ ಇಲ್ಲ. ಬೆಳಗ್ಗೆ ಅಥವಾ ಸಂಜೆ ಬಿಸಿಲು ಓರೆಯಾಗಿ ಬಿದ್ದಾಗ ಕೊರೆದ ಗೆರೆಗಳಲ್ಲಿ ನೆರಳು ಕುಳಿತು ಅಕ್ಷರ ತಾನಾಗಿ ಎದ್ದುಬರುತ್ತದೆ. ಮರದ ನೆರಳಿನಲ್ಲಿರುವ ಕಲ್ಲಿಗೆ ಮನೆಯ ಕನ್ನಡಿಯೊಂದನ್ನು ಪಕ್ಕದಲ್ಲಿ ಹಿಡಿದು ಬಿಸಿಲನ್ನು ಅಡ್ಡಲಾಗಿ ಹಾಯಿಸಿದರೆ ಸಾಕು. ನಾವು ಹಾಗೆಯೇ ಮಾಡಿದೆವು, ಕನ್ನಡಿ ಹಿಡಿಯಲು ಜ್ಞಾನೋಪದೇಶದ ತರಗತಿಯ ಮಕ್ಕಳಲ್ಲಿ ಪೈಪೋಟಿಯೇ ನಡೆಯಿತು. ಪಾಚಿಯನ್ನು ಬರಿಯ ನೀರು ಹಾಗೂ ಮೆತ್ತನೆಯ ಕುಂಚದಿಂದ ತೆಗೆಯಬೇಕು. ತಂತಿಯ ಬ್ರಷ್ಷು, ಆಸಿಡ್, ಸೋಪಿನ ಪುಡಿ ಇವು ಯಾವುವೂ ಕೂಡದು. ನೂರು ವರ್ಷದ ಮಳೆ ಅಳಿಸದ ಅಕ್ಷರವನ್ನು ಅರ್ಧ ಗಂಟೆಯ ಉತ್ಸಾಹ ಅಳಿಸಿಬಿಡಬಲ್ಲದು. ಮೊದಲು ಇಡೀ ಗೋರಿ, ಅನಂತರ ಬರಹ, ಕೊನೆಗೆ ಅಕ್ಕಪಕ್ಕದ ಗೋರಿಗಳು ಕಾಣುವಂತೆ ಒಂದು – ಹೀಗೆ ಮೂರು ಚಿತ್ರಗಳು ಬೇಕು. ಈ ಮೂರನೆಯದನ್ನು ಎಲ್ಲರೂ ಮರೆಯುತ್ತಾರೆ. ಆದರೆ ಯಾರ ಪಕ್ಕದಲ್ಲಿ ಯಾರು ಮಲಗಿದ್ದಾರೆಂಬುದೇ ಎಷ್ಟೋ ಸಲ ಬರಹಕ್ಕಿಂತ ಹೆಚ್ಚನ್ನು ಹೇಳುತ್ತದೆ. ಬರಹವಿಲ್ಲದ ಕಲ್ಲನ್ನೂ, ಮುರಿದ ಶಿಲುಬೆಯ ಬುಡವನ್ನೂ ಬಿಡದೆ ಚಿತ್ರಿಸಿ, ಸಾಲು ಮತ್ತು ಸಂಖ್ಯೆಯನ್ನು ನೋಟ್‌ಬುಕ್ಕಿನ ನಕ್ಷೆಯಲ್ಲಿ ಗುರುತಿಸಬೇಕು.

ಸಾಲುಗಳಿಗೂ ಅರ್ಥವಿದೆ. ನಡುವಿನ ದೊಡ್ಡ ಶಿಲುಬೆಯ ಬುಡದಲ್ಲಿ ಗುರುಗಳು. ಅದಕ್ಕೆ ಸಮೀಪದಲ್ಲಿ ಊರಿನ ಮುಖ್ಯಸ್ಥರು. ದೂರ ಹೋದಂತೆ ಬಡವರು. ಮರಣದಲ್ಲಿ ಎಲ್ಲರೂ ಸಮಾನರೆಂಬ ಮಾತನ್ನು ಪ್ರಸಂಗಪೀಠದಿಂದ ಕೇಳಿದ್ದೇವೆ. ಗೋರಿಗಳ ಸಾಲು ಬೇರೆ ಪ್ರಸಂಗವನ್ನು ಮಾಡುತ್ತದೆ. ಮಕ್ಕಳಿಗೆ ಪ್ರತ್ಯೇಕ ಸ್ಥಳವಿರಬೇಕೆಂದು ೧೯೧೭ರ ಸಂಹಿತೆಯಲ್ಲಿಯೇ ಹೇಳಿತ್ತು. ಗೇಣುದ್ದದ ಆ ದಿಬ್ಬಗಳ ಗುರುತು ಈಗ ಎಲ್ಲಿಯೂ ಇಲ್ಲ. ಅದಕ್ಕಿಂತ ದುಃಖಕರವಾದದ್ದು ಬೇಲಿಯಾಚೆಯ ಮೂಲೆ. ಜ್ಞಾನಸ್ನಾನವಿಲ್ಲದೆ ಸತ್ತ ಕೂಸುಗಳಿಗೂ, ತಾವಾಗಿ ಪ್ರಾಣ ನೀಗಿದವರಿಗೂ ಆಶೀರ್ವದಿಸಿದ ನೆಲದಲ್ಲಿ ಎಡೆಯಿರಲಿಲ್ಲ. ಅಂಥವರಿಗೆ ಬೇರೆ ಸ್ಥಳವಿರಬೇಕೆಂಬುದು ಅದೇ ಸಂಹಿತೆಯ ೧೨೧೨ನೆಯ ವಿಧಿಯಾಗಿತ್ತು. ಇದರಿಂದಲೇ ಸೂಲಗಿತ್ತಿಯರಿಗೂ ಉಪದೇಶಿಗಳಿಗೂ ತುರ್ತು ಜ್ಞಾನಸ್ನಾನದ ವಿಧಿಯನ್ನು ಕಲಿಸುತ್ತಿದ್ದರು. ಪುಸ್ತಕದಲ್ಲಿ ಒಂದೇ ದಿನ ಜ್ಞಾನಸ್ನಾನವೂ ಮರಣವೂ ಕಾಣಬರುವ ಕೂಸುಗಳ ಹಿಂದೆ ಯಾವಳೋ ಒಬ್ಬ ಸೂಲಗಿತ್ತಿಯ ನಡುಗುವ ಕೈ ಇದೆ. ೧೯೮೩ರ ಸಂಹಿತೆ ಈ ಕಠಿಣತೆಯನ್ನು ಸಡಿಲಿಸಿ, ಜ್ಞಾನಸ್ನಾನ ಕೊಡಿಸಬೇಕೆಂದು ಹೆತ್ತವರು ಬಯಸಿದ್ದ ಕೂಸಿಗೆ ಧರ್ಮಸಭೆಯ ಅಂತ್ಯಕ್ರಿಯೆಯನ್ನು ಮೇತ್ರಾಣಿಗಳು ಅನುಮತಿಸಬಹುದೆಂದಿತು. ಆದರೆ ಹಿಂದೆ ಆ ಮೂಲೆಯಲ್ಲಿ ಹೂಳಲ್ಪಟ್ಟವರಿಗೆ ಕಲ್ಲೂ ಇಲ್ಲ, ಪುಸ್ತಕದ ಸಾಲೂ ಇಲ್ಲ. ನಮ್ಮ ನಕ್ಷೆಯಲ್ಲಿ ಆ ಮೂಲೆಯನ್ನು ಖಾಲಿಯೆಂದು ತೋರಿಸದೆ, ಅಲ್ಲಿಯೂ ಜನರಿದ್ದಾರೆಂದು ಗುರುತು ಮಾಡಿದ್ದೇವೆ. ಹೊಸ ಗೋಡೆ ಆ ಮೂಲೆಯನ್ನು ಒಳಗೊಂಡು ಬರಬೇಕೆಂಬುದು ನಮ್ಮ ಎರಡನೆಯ ಬಿನ್ನಹ.

ಹೆಂಗಸರ ತವರುಮನೆಯನ್ನು ಕಲ್ಲುಗಳು ಹೇಳುವುದಿಲ್ಲ. 'ಇಂಥವರ ಧರ್ಮಪತ್ನಿ' ಎಂಬಲ್ಲಿಗೆ ಮುಗಿಯುತ್ತದೆ. ಅದಕ್ಕೆ ವಿವಾಹದ ಪುಸ್ತಕವೇ ಗತಿ. ಅಲ್ಲಿ ಬೇರೊಂದು ನಿಧಿಯೂ ಇದೆ. ನಮ್ಮ ನಾಡಿನಲ್ಲಿ ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳನ್ನು ತಂದುಕೊಳ್ಳುವುದು ವಾಡಿಕೆ. ಧರ್ಮಸಭೆಗಾದರೋ ಅದು ನಿಷಿದ್ಧ ಸಂಬಂಧ, ವಿಶೇಷ ಅನುಮತಿಯಿಲ್ಲದೆ ನಡೆಯುವಂತಿಲ್ಲ. ೧೯೧೭ರ ಸಂಹಿತೆಯಂತೆ ಸಮಾನ ಮೂಲಪುರುಷನಿಂದ ಎಣಿಸಿ ಮೂರನೆಯ ಅಂತರದವರೆಗೆ ಈ ಅಡ್ಡಿಯಿತ್ತು. ಅನುಮತಿ ಪಡೆದ ಮದುವೆಯಲ್ಲಿ ಗುರುಗಳು ಆ ಅಂತರವನ್ನು ಪುಸ್ತಕದ ಅಂಚಿನಲ್ಲಿ ಬರೆದಿರುತ್ತಾರೆ. 'ಎರಡನೆಯ ಅಂತರ' ಎಂದಿದ್ದರೆ ವಧೂವರರ ಅಜ್ಜ ಅಜ್ಜಿ ಒಂದೇ ಎಂದರ್ಥ. ಎರಡು ಸಾಲುಗಳಲ್ಲಿ ದೂರದೂರವಾಗಿ ಮಲಗಿರುವ ಎರಡು ಮನೆತನಗಳು ಒಂದೇ ಬಳ್ಳಿಯ ಕಾಯಿಗಳೆಂದು ಹೀಗೆ ಒಂದು ಅಂಚಿನ ಟಿಪ್ಪಣಿಯಿಂದ ಹೊರಪಟ್ಟಾಗ ನಮಗಾದ ಸಂತೋಷ ಸಾಮಾನ್ಯವಲ್ಲ. ಆ ಮನೆತನಗಳ ನಡುವೆ ಈಗ ಗದ್ದೆಯ ಬದುವಿನ ವ್ಯಾಜ್ಯ ನಡೆಯುತ್ತಿರುವುದರಿಂದ ಹೆಸರು ಹೇಳುವುದು ಬೇಡ.

ಕಲ್ಲು ಶಾಶ್ವತವೆಂದು ನಂಬಿ ಕೂರುವಂತಿಲ್ಲ. ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ ೧೯ನೆಯ ಶತಮಾನದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಜಪಮಾಲೆ ಮಾತೆಯ ದೇವಾಲಯ ಎಷ್ಟು ಭವ್ಯವಾಗಿತ್ತೆಂಬುದನ್ನು ಅದರ ಪಾಳುಗೋಡೆಗಳೇ ಹೇಳುತ್ತವೆ. ಗೊರೂರಿನಲ್ಲಿ ೧೯೭೯ರಲ್ಲಿ ಪೂರ್ತಿಯಾದ ಹೇಮಾವತಿ ಅಣೆಕಟ್ಟಿನಿಂದ ಆ ಊರಿನವರು ಬೇರೆಡೆಗೆ ಹೋಗಬೇಕಾಯಿತು. ಮಳೆಗಾಲದಲ್ಲಿ ಆ ದೇವಾಲಯ ನೀರಿನ ನಡುವೆ ನಿಲ್ಲುತ್ತದೆ. ಅದರ ಕಮಾನುಗಳ ಚಿತ್ರ ತೆಗೆಯಲು ದೂರದೂರದಿಂದ ಜನರು ಬರುತ್ತಾರೆ. ಊರೊಂದು ಎದ್ದುಹೋಗುವಾಗ ಜನರು ದನಕರು ಪಾತ್ರೆಪಡಗಗಳನ್ನು, ದೇವಾಲಯದ ಸ್ವರೂಪಗಳನ್ನು ಕೊಂಡೊಯ್ಯಬಹುದು, ಗೋರಿಗಳನ್ನು ಹೊತ್ತೊಯ್ಯಲಾಗದು. ನಮ್ಮಲ್ಲಿ ಅಣೆಕಟ್ಟು ಬರಲಿಲ್ಲ, ರಸ್ತೆ ಬಂತು. ರಸ್ತೆಯನ್ನು ಅಗಲ ಮಾಡಿದ ವರ್ಷ ಮುಂದಿನ ಸಾಲಿನ ಕೆಲವು ಚಪ್ಪಡಿಗಳು ಚರಂಡಿಯ ಹಾಸುಗಲ್ಲಾದವು. ಅವುಗಳಲ್ಲೊಂದು ಮುಖ ಮೇಲಾಗಿ ಬಿದ್ದಿದೆ. ಮಳೆ ನಿಂತ ಮೇಲೆ ಬಗ್ಗಿ ನೋಡಿದರೆ ಒಂದು ಶಿಲುಬೆ, ಅದರ ಕೆಳಗೆ 'ಮ್ಮ' ಎಂದು ಕೊನೆಗೊಳ್ಳುವ ಹೆಸರು ಇಂದಿಗೂ ಕಾಣುತ್ತದೆ. ಅದರ ಚಿತ್ರವನ್ನೂ ತೆಗೆದು ನಮ್ಮ ಪಟ್ಟಿಯಲ್ಲಿ ಸೇರಿಸಿದ್ದೇವೆ.

ಈಗ ಕೆಲಸದ ಸ್ಥಿತಿ ಹೀಗಿದೆ. ದಕ್ಷಿಣ ಮತ್ತು ಪೂರ್ವದ ಸಾಲುಗಳ ಚಿತ್ರಗಳು ಮುಗಿದಿವೆ. ಅವುಗಳ ಒಂದು ಮುದ್ರಿತ ಪ್ರತಿಯನ್ನು ಗುರುಮನೆಯ ಬೀರುವಿನಲ್ಲಿ ರಿಜಿಸ್ಟರುಗಳ ಪಕ್ಕದಲ್ಲಿಯೇ ಇರಿಸಲಾಗಿದೆ. ಫೋನಿನೊಳಗಿನ ಚಿತ್ರ ಫೋನಿನೊಡನೆ ಹೋಗುತ್ತದೆಂಬುದನ್ನು ಅರಿತೇ ಕಾಗದದ ಪ್ರತಿಗೆ ಹಣ ವೆಚ್ಚ ಮಾಡಿದೆವು. ಉತ್ತರಭಾಗದಲ್ಲಿ ಲಂಟಾನ ಬೆಳೆದು ಹಾವುಗಳ ಭಯವಿರುವುದರಿಂದ, ಮಳೆಗಾಲ ಕಳೆದು ಅಕ್ಟೋಬರಿನಲ್ಲಿ ಗಿಡ ಸವರಿದ ಮೇಲೆಯೇ ಅಲ್ಲಿಗೆ ಇಳಿಯಬೇಕು. ಅದುವರೆಗೆ ಆ ನೆಲವನ್ನು ಮುಟ್ಟುವುದಿಲ್ಲವೆಂದು ಪಾಲನಾ ಸಮಿತಿಯ ಹಿರಿಯರು ಮಾತು ಕೊಟ್ಟಿದ್ದಾರೆ. ಅವರಿಗೆ ನಾವು ಆಭಾರಿಗಳು. ಸಕಲ ಮೃತರ ಸ್ಮರಣೆಯ ದಿನ ಎಲ್ಲ ಮನೆಯವರೂ ಮೇಣದ ಬತ್ತಿಯೊಡನೆ ತಮ್ಮವರ ಗೋರಿಯ ಬಳಿ ನಿಲ್ಲುತ್ತಾರಷ್ಟೆ. ಅಂದು ಗುರುಗಳ ಆಶೀರ್ವಾದ ಮುಗಿದ ಬಳಿಕ ನೋಟ್‌ಬುಕ್ಕು ಹಿಡಿದು ನಾವು ಸಾಲುಸಾಲಾಗಿ ಬರುತ್ತೇವೆ. ಬರಹವಿಲ್ಲದ ದಿಬ್ಬದ ಬಳಿ ಬತ್ತಿ ಹಚ್ಚುವ ಅಜ್ಜಿಯರು ಅದು ಯಾರದೆಂದು ದಯವಿಟ್ಟು ಹೇಳಬೇಕು. ಆ ಅರಿವು ಯಾವ ಪುಸ್ತಕದಲ್ಲಿಯೂ ಇಲ್ಲ.

ಮನೆಗಳಲ್ಲಿರುವ ಶವಸಂಸ್ಕಾರದ ಹಳೆಯ ಛಾಯಾಚಿತ್ರಗಳೂ ಬೇಕಾಗಿವೆ. ಪೆಟ್ಟಿಗೆಯ ಸುತ್ತ ಮಕ್ಕಳು ಮೊಮ್ಮಕ್ಕಳು ನಿಂತು, ಪಟ್ಟಣದ ಸ್ಟುಡಿಯೋದವರನ್ನು ಕರೆಸಿ ತೆಗೆಸಿದ ಇಂಥ ಪಟಗಳು ಅನೇಕರ ಅಟ್ಟದ ಮೇಲೆ ಟ್ರಂಕಿನಲ್ಲಿವೆ. ಅಶುಭವೆಂದು ಎಣಿಸಿ ಗೋಡೆಗೆ ಹಾಕದೆ, ಹರಿಯಲೂ ಮನಸ್ಸಾಗದೆ ಉಳಿಸಿಕೊಂಡಿರುವಂಥವು. ಒಂದೇ ಚೌಕಟ್ಟಿನಲ್ಲಿ ಮೂರು ತಲೆಮಾರು ಸಿಗುವುದು ಇವುಗಳಲ್ಲಿ ಮಾತ್ರ. ಪಟವನ್ನು ನಮಗೆ ಕೊಡಬೇಕಾಗಿಲ್ಲ. ಭಾನುವಾರ ಎರಡನೆಯ ಪೂಜೆಯ ನಂತರ ಗುರುಮನೆಯ ಜಗಲಿಗೆ ತಂದರೆ ಅಲ್ಲಿಯೇ ಪ್ರತಿ ತೆಗೆದುಕೊಂಡು ಹಿಂದಿರುಗಿಸುತ್ತೇವೆ. ತರುವ ಮೊದಲು, ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ, ನಿಂತಿರುವವರ ಹೆಸರುಗಳನ್ನು ಎಡದಿಂದ ಬಲಕ್ಕೆ ಹಿಂಬದಿಯಲ್ಲಿ ಪೆನ್ಸಿಲಿನಿಂದ ಬರೆದಿರಲಿ. ಶಾಯಿ ಬೇಡ, ಅದು ಮುಂದಿನ ಬದಿಗೆ ಇಳಿಯುತ್ತದೆ.